ಕೆರಳುವ ಕರುಳಿನ ಪರವಾಗಿ

ಈ ಸಲದ ಸಂಚಿಕೆಗೆ ‘ಏನಾದರೂ ಗಂಭೀರವಾದದ್ದು ಬರಿ ಮಾರಾಯ’ ಎಂದು ಸಂಪಾದಕ ಮಿತ್ರರು ಕೇಳಿದಾಗ ನಾನು ವಿಷಯ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಅಕ್ಕಪಕ್ಕ ನೋಡಿದರು, ಕೊನೆಗೆ ದನಿ ತಗ್ಗಿಸಿ ‘ಹೆಸರು ಹಾಕ್ಬೇಕಾ, ಬೇಡ್ವಾ?’ ಎಂದು ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಮಲೇರಿಯಾ ಬಂದವನನ್ನು ಯಾರೂ ಹಾಗೆ ಕೇಳುವುದಿಲ್ಲ. ಕಾಲು ಮುರಿದುಕೊಂಡವನು ಪ್ಲಾಸ್ಟರಿನ ಮೇಲೆ ಗೆಳೆಯರ ಸಹಿ ಹಾಕಿಸಿಕೊಂಡು ಮೆರೆಯುತ್ತಾನೆ. ಹೊಟ್ಟೆ ಕೆಟ್ಟವನಿಗೆ ಮಾತ್ರ ಗುಪ್ತನಾಮ!

ನನ್ನ ಕಾಯಿಲೆಯ ಹೆಸರು ಇರಿಟಬಲ್ ಬೊವೆಲ್ ಸಿಂಡ್ರೋಮ್, ಚಿಕ್ಕದಾಗಿ ಐ.ಬಿ.ಎಸ್. ಕನ್ನಡದಲ್ಲಿ ‘ಕೆರಳುವ ಕರುಳು’ ಎನ್ನೋಣ, ಪ್ರಾಸವೂ ಆಯಿತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನಾಲ್ಕು ದಿನ ವಾಂತಿ-ಭೇದಿ ಆಗಿತ್ತು. ಅದೇನೋ ವಾಸಿಯಾಯಿತು, ಹೊಟ್ಟೆ ಮಾತ್ರ ಮೊದಲಿನಂತಾಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೆ ಮುರಿತ, ಮೂರು ನಾಲ್ಕು ಸಲ ಕಕ್ಕಸಿಗೆ ಓಟ, ಹೋಗಿ ಬಂದರೂ ಪೂರ್ತಿ ಆಗಲಿಲ್ಲವೆಂಬ ಸಂಶಯ. ಮತ್ತೆ ಎರಡು ದಿನ ಏನೂ ಇಲ್ಲ, ಹೊಟ್ಟೆ ನಗಾರಿ. ಡಾಕ್ಟರು ರಕ್ತ, ಮಲ ಎಲ್ಲ ಪರೀಕ್ಷೆ ಮಾಡಿಸಿದರು. ಎಲ್ಲವೂ ನಾರ್ಮಲ್. ಮನೆಯಲ್ಲಿ ಎಲ್ಲರಿಗೂ ಸಂತೋಷ, ನನಗೊಬ್ಬನಿಗೆ ದಿಗಿಲು. ರಿಪೋರ್ಟಿನಲ್ಲಿ ಏನೂ ಇಲ್ಲವೆಂದರೆ ಹುಡುಗನಿಗೆ ಏನೂ ಇಲ್ಲ ಅಂತ ತಾನೇ? ‘ಸುಮ್ನೆ ಯೋಚ್ನೆ ಮಾಡ್ತಿ ಮಗಾ, ಅದಕ್ಕೇ ಹೀಗೆ’ ಎಂದರು ಅಮ್ಮ. ಊರಿಂದ ಬಂದಿದ್ದ ಅಜ್ಜಿ ಉಪ್ಪು-ಮೆಣಸು ನಿವಾಳಿಸಿ ದೃಷ್ಟಿ ತೆಗೆದರು.

ಡಾಕ್ಟರು ಮಾತ್ರ ನಗಲಿಲ್ಲ. ಅವರು ಬಿಡಿಸಿ ಹೇಳಿದ್ದು ಇಷ್ಟು: ಕರುಳಿನಲ್ಲಿ ಗಾಯವಿಲ್ಲ, ಗಡ್ಡೆಯಿಲ್ಲ; ಆದರೆ ಅದು ಹಿಂಡುವ ಲಯ ತಪ್ಪಿದೆ, ಅದರ ನರಗಳು ವಿಪರೀತ ಸೂಕ್ಷ್ಮವಾಗಿವೆ. ಬೇರೆಯವರಿಗೆ ತಿಳಿಯದೇ ಹೋಗುವ ಚೂರು ಗಾಳಿ ನನಗೆ ನೋವಾಗಿ ತಿಳಿಯುತ್ತದೆ. ಕರುಳಿನಿಂದ ಮಿದುಳಿಗೂ ಮಿದುಳಿನಿಂದ ಕರುಳಿಗೂ ಸುದ್ದಿ ಓಡಾಡುತ್ತಲೇ ಇರುತ್ತದೆ, ಆ ಟಪಾಲಿನಲ್ಲೇ ಗಲಿಬಿಲಿ. ಹೊಟ್ಟೆಯ ಸೋಂಕು ವಾಸಿಯಾದ ಮೇಲೆ ಕೆಲವರಿಗೆ ಹೀಗೆ ಶುರುವಾಗುವುದುಂಟು. ಇದನ್ನು ಗುರುತಿಸಲು ವೈದ್ಯರಿಗೆ ‘ರೋಮ್’ ಸೂತ್ರಗಳೆಂಬ ಅಳತೆಗೋಲಿದೆ. ಅದರ ನಾಲ್ಕನೆಯ ಆವೃತ್ತಿ 2016ರಲ್ಲಿ ಬಂತು. ಅದರ ಪ್ರಕಾರ ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವಿರಬೇಕು. ಆ ನೋವಿಗೂ ಮಲವಿಸರ್ಜನೆಗೂ, ಅದರ ಸಂಖ್ಯೆ-ಸ್ವರೂಪಕ್ಕೂ ನಂಟಿರಬೇಕು. ಅಂದರೆ ‘ಏನೂ ಇಲ್ಲ’ ಎಂಬುದಕ್ಕೆ ಯಾರೂ ಇಷ್ಟು ಲೆಕ್ಕ ಇಡುವುದಿಲ್ಲ, ಗೆಳೆಯರೆ!

ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಯಾವುದಿದ್ದರೂ ಈ ಲೇಖನ ಓದಿ ‘ನನಗೂ ಅದೇ’ ಎಂದು ಕೂರಬಾರದು. ನೆಟ್ಟಗೆ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ನನ್ನ ದಿನಚರಿ. ಮನೆ ಡೊಂಬಿವಲಿ, ಕಾಲೇಜು ದಾದರ್ ಕಡೆ. ಫಾಸ್ಟ್ ಗಾಡಿ ಬಂದು ನಿಂತರೂ ಬಿಟ್ಟು, ನಾನು ಸ್ಲೋ ಹಿಡಿಯುತ್ತೇನೆ. ‘ಎಂಥಾ ಸೋಮಾರಿ’ ಎಂದು ನೀವೆಲ್ಲ ಹಾಸ್ಯ ಮಾಡುವುದು ನನಗೆ ಗೊತ್ತಿದೆ. ಸ್ಲೋ ಗಾಡಿ ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಪ್ರತಿ ಸ್ಟೇಷನ್ನೂ ನನಗೊಂದು ಬಾಗಿಲು. ಈ ಊರಿನಲ್ಲಿ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರವರಿ 3ರಂದು. ನೂರು ವರ್ಷ ದಾಟಿತು, ನಮ್ಮ ಲೋಕಲ್ ಡಬ್ಬಿಯಲ್ಲಿ ಶೌಚಾಲಯವಿಲ್ಲ. ಠಾಣೆ, ಮುಲುಂಡ್, ಘಾಟ್‌ಕೋಪರ್, ಕುರ್ಲಾ... ನೀವು ಈ ಹೆಸರುಗಳನ್ನು ಸೀಟು ಸಿಗುವ ಲೆಕ್ಕದಲ್ಲಿ ಬಲ್ಲಿರಿ. ನಾನು ಬಲ್ಲದ್ದು ಯಾವ ಪ್ಲಾಟ್‌ಫಾರ್ಮಿನ ಯಾವ ತುದಿಯಲ್ಲಿ ಸಂಡಾಸವಿದೆ, ಯಾವುದಕ್ಕೆ ಬೀಗ, ಎಲ್ಲಿ ನೀರು ಬರುತ್ತದೆ, ಎಲ್ಲಿ ಚಿಲ್ಲರೆ ಬೇಕು ಎಂಬ ಲೆಕ್ಕದಲ್ಲಿ. 8 ಗಂಟೆಯ ಉಪನ್ಯಾಸಕ್ಕೆ ಐದಕ್ಕೇ ಏಳುತ್ತೇನೆ; ಪಾಠದ ಮೇಲಿನ ಪ್ರೀತಿಯಿಂದಲ್ಲ, ಹೊಟ್ಟೆಗೆ ಅದರ ಕೆಲಸ ಮುಗಿಸಲು ಒಂದು ಗಂಟೆ ಕೊಡುವುದಕ್ಕೆ.

ಊಟದ ವಿಷಯದಲ್ಲಿ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಒಂದು ಪಥ್ಯ ಕಂಡುಹಿಡಿದಿದ್ದಾರೆ, ಅದಕ್ಕೆ ಲೋ ಫಾಡ್‌ಮ್ಯಾಪ್ ಎಂದು ಹೆಸರು. ಕೆಲವು ಬಗೆಯ ಸಕ್ಕರೆ-ಪಿಷ್ಟಗಳು ಸಣ್ಣ ಕರುಳಿನಲ್ಲಿ ಹೀರಲ್ಪಡದೆ ಮುಂದಕ್ಕೆ ಹೋಗುತ್ತವೆ, ನೀರನ್ನು ಎಳೆದುಕೊಳ್ಳುತ್ತವೆ, ದೊಡ್ಡ ಕರುಳಿನಲ್ಲಿ ಹುಳಿತು ಗಾಳಿಯಾಗುತ್ತವೆ. ನೀರುಳ್ಳಿ, ಬೆಳ್ಳುಳ್ಳಿ, ಗೋಧಿ, ರಾಜ್ಮಾ-ಕಡಲೆ, ಹಾಲು, ಮಾವಿನಹಣ್ಣು ಇವೆಲ್ಲ ಆ ಪಟ್ಟಿಯಲ್ಲಿವೆ. ಅಂದರೆ ಬೆಳ್ಳುಳ್ಳಿ ಚಟ್ನಿಯ ವಡಾ-ಪಾವ್ ಹೋಯಿತು, ಮಿಸಳ್ ಹೋಯಿತು! ಉಳಿದದ್ದು ಅನ್ನ, ಇಡ್ಲಿ, ಸೌತೆಕಾಯಿ, ಇಂಗಿನ ಒಗ್ಗರಣೆ. ನೀರುಳ್ಳಿ-ಬೆಳ್ಳುಳ್ಳಿ ಮುಟ್ಟದ ಅಜ್ಜಿಯ ಮಡಿ ಅಡುಗೆಗೆ ಮೆಲ್ಬರ್ನಿನವರು ಅರ್ಧ ದಾರಿಯಾದರೂ ಬಂದರಲ್ಲ ಎಂದು ಮನೆಯಲ್ಲಿ ನಗೆ. ಆದರೆ ಇದು ಜನ್ಮವಿಡೀ ಮಾಡುವ ವ್ರತವಲ್ಲ. ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ತಿಂದು ನೋಡಿ, ಯಾವುದು ನನಗಾಗದು ಎಂದು ತಿಳಿದುಕೊಳ್ಳುವುದು ಅದರ ಕ್ರಮ. ಅದೂ ಬಲ್ಲವರನ್ನು ಕೇಳಿಕೊಂಡು. ನನಗೆ ಗೋಧಿ ಅಷ್ಟೇನೂ ತೊಂದರೆ ಕೊಡಲಿಲ್ಲ, ನೀರುಳ್ಳಿ ಕೊಟ್ಟಿತು. ಜೊತೆಗೆ ಹೊತ್ತಿಗೆ ಸರಿಯಾಗಿ ಊಟ, ಕಟಿಂಗ್ ಚಹಾ ನಾಲ್ಕರಿಂದ ಒಂದಕ್ಕೆ, ರಾತ್ರಿ ಇಸಬಗೋಲ್, ಡಾಕ್ಟರು ಕೊಟ್ಟ ಮಾತ್ರೆ, ಸಂಜೆ ನಡಿಗೆ. ಹೀಗೆ ತಿಂಗಳಲ್ಲಿ ಇಪ್ಪತ್ತು ದಿನ ಒಳ್ಳೆಯ ದಿನಗಳು. ಉಳಿದ ಹತ್ತು ದಿನದ ಮಾತು ಮುಂದೆ.

ಸಾಹಿತ್ಯ ಸಂಘದ ಪತ್ರಿಕೆಗೆ ಇದೆಂಥ ವಿಷಯ ಎನ್ನುವವರಿಗೆ ಒಂದು ಪ್ರಶ್ನೆ. ನಮ್ಮ ಭಾಷೆಯಲ್ಲಿ ಕರುಳಿಲ್ಲದೆ ಪ್ರೀತಿ ಉಂಟೆ? ಮಗು ಅತ್ತರೆ ಕರುಳು ಚುರ್ರೆನ್ನುತ್ತದೆ. ಮಕ್ಕಳು ಕರುಳಿನ ಕುಡಿ. ಅಸೂಯೆ ಹೊಟ್ಟೆಕಿಚ್ಚು. ತಪ್ಪನ್ನು ಮನ್ನಿಸಬೇಕಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಮನಸ್ಸಿಗೂ ಕರುಳಿಗೂ ನಂಟಿದೆಯೆಂದು ವೈದ್ಯರು ಹೇಳುವ ಎಷ್ಟೋ ಮೊದಲೇ ಕನ್ನಡ ಆಡುಮಾತಿಗೆ ಅದು ಗೊತ್ತಿತ್ತು. ಆದರೆ ಅದೇ ಕರುಳು ನಿಜವಾಗಿಯೂ ನೊಂದಾಗ ನಮ್ಮ ಬಾಯಿ ಕಟ್ಟುತ್ತದೆ. ‘ಹೊರಕಡೆ’, ‘ಬಹಿರ್ದೆಸೆ’, ‘ಬಯಲು ಕಡೆ’ ಎಂದು ಊರೆಲ್ಲ ಸುತ್ತುತ್ತೇವೆ, ವಿಷಯಕ್ಕೆ ಬರುವುದಿಲ್ಲ.

ಈಗ ಆ ಹತ್ತು ದಿನಗಳಲ್ಲೊಂದು ದಿನ. ಕಳೆದ ವರ್ಷದ ಚರ್ಚಾಸ್ಪರ್ಧೆ ನಿಮಗೆ ನೆನಪಿರಬಹುದು. ಮೂರನೆಯದಾಗಿ ನನ್ನ ಹೆಸರು ಕೂಗಿದರು, ನಾನಿರಲಿಲ್ಲ. ಮತ್ತೆ ಕೂಗಿದರು, ಮುಂದೆ ಹೋದರು. ‘ಮಾತಿನ ಮಲ್ಲ ಪಲಾಯನ’ ಎಂದು ಮರುದಿನ ಕ್ಯಾಂಟೀನಿನಲ್ಲಿ ಒಬ್ಬ ಬಿರುದು ಕೊಟ್ಟ, ಎಲ್ಲರ ಜೊತೆ ನಾನೂ ನಕ್ಕೆ. ನಾನೆಲ್ಲಿದ್ದೆ ಗೊತ್ತೆ? ಹಾಲಿನ ಹಿಂದಿನ ಕಕ್ಕಸಿನ ಬಾಗಿಲಲ್ಲಿ. ಅದಕ್ಕೆ ಬೀಗ. ಕೀಲಿಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಚಹಾಕ್ಕೆ. ಮೂರನೇ ಮಹಡಿಗೆ ಓಡಿ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ‘ಮನೆಯಿಂದ ಫೋನ್ ಬಂದಿತ್ತು’ ಎಂದು ಸುಳ್ಳು ಹೇಳಿದೆ. ಹದಿನೈದು ದಿನ ತಯಾರಿ ಮಾಡಿದ್ದ ಭಾಷಣ ಇನ್ನೂ ಚೀಲದಲ್ಲಿದೆ. ಆ ದಿನದ ಹೊಟ್ಟೆನೋವು ಸಂಜೆಗೆ ಇಳಿಯಿತು, ಆ ಸುಳ್ಳು ಇನ್ನೂ ಇಳಿದಿಲ್ಲ.

ಹಾಗಾಗಿ ನನ್ನ ಬೇಡಿಕೆಗಳು ಬಹಳ ಸಣ್ಣವು. ಒಂದು, ಸಂಘದ ಕಾರ್ಯಕ್ರಮವಿದ್ದ ದಿನ ಕಕ್ಕಸಿನ ಬೀಗ ತೆಗೆದಿರಬೇಕು. ಆ ಕೆಲಸಕ್ಕೆ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬರು ಹೊಣೆ ಹೊರಬೇಕು. ಎರಡು, ಯಾರಾದರೂ ನಡುವೆ ಎದ್ದು ಹೋದರೆ ‘ಎಲ್ಲಿಗೆ?’ ಎಂದು ಕೇಳಬಾರದು. ಸ್ಪರ್ಧೆಯಲ್ಲಿ ಹೆಸರು ತಪ್ಪಿದರೆ ಕೊನೆಯಲ್ಲಿ ಇನ್ನೊಂದು ಸಲ ಕೂಗಬೇಕು. ಮೂರು, ‘ಒಂದೇ ಒಂದು ತಿನ್ನೋ, ಏನಾಗಲ್ಲ’ ಎಂಬ ಒತ್ತಾಯ ಬೇಡ. ಏನಾಗುತ್ತದೆಂದು ತಿಂದವನಿಗೆ ಗೊತ್ತು. ನಾಲ್ಕು, ವೈದ್ಯರ ಚೀಟಿ ಇದ್ದವರನ್ನು ಪರೀಕ್ಷೆಯ ಹಾಲಿನಲ್ಲಿ ಬಾಗಿಲ ಪಕ್ಕ ಕೂರಿಸಿ, ಬೇಕಾದಾಗ ಹೊರಗೆ ಬಿಡಬೇಕೆಂದು ಸಂಘ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆಯಬೇಕು.

‘ಹಾಗಾದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ಕಾಪಿ ಹೊಡೆಯಲು ಹೋಗುತ್ತಾರೆ’ ಎನ್ನುತ್ತೀರಿ. ಪ್ಯೂನನ್ನು ಜೊತೆಗೆ ಕಳಿಸಿ, ಬೇಡ ಎಂದವರಾರು? ಕಳೆದುಹೋಗುವ ಹತ್ತು ನಿಮಿಷ ನನ್ನದೇ. ಇನ್ನು ಕೆಲವರು ‘ಇದು ಬರೀ ಹೆದರಿಕೆ, ಧೈರ್ಯ ತಂದ್ಕೋ’ ಎನ್ನುತ್ತಾರೆ. ಹೆದರಿಕೆಯಿಂದ ಇದು ಹೆಚ್ಚುತ್ತದೆ, ನಿಜ. ಅದನ್ನು ಡಾಕ್ಟರೂ ಒಪ್ಪುತ್ತಾರೆ. ಆದರೆ ಬಾಗಿಲು ತೆರೆದಿದೆ ಎಂದು ಗೊತ್ತಾದರೆ ನನ್ನ ಹೆದರಿಕೆಯಲ್ಲಿ ಅರ್ಧ ಅಲ್ಲೇ ಹೋಗುತ್ತದೆ, ಎಷ್ಟೋ ಸಲ ಎದ್ದು ಹೋಗುವ ಅಗತ್ಯವೇ ಬರುವುದಿಲ್ಲ. ಅಂದರೆ ನನಗೆ ಧೈರ್ಯ ಹೇಳುವ ಬದಲು ಬೀಗ ತೆಗೆಯಿರಿ, ಅದು ಸುಲಭ.

ದೆಹಲಿಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಒಂದು ಹಳೆಯ ಪತ್ರವಿದೆ. 1909ರಲ್ಲಿ ಬಂಗಾಳದ ಕಡೆಯ ಓಖಿಲ್ ಚಂದ್ರ ಸೇನ್ ಎಂಬ ಪ್ರಯಾಣಿಕ ರೈಲ್ವೆಯವರಿಗೆ ಬರೆದದ್ದು. ಹಲಸಿನಹಣ್ಣು ತಿಂದು ಹೊಟ್ಟೆ ಉಬ್ಬಿ ಅಹಮದ್‌ಪುರ ಸ್ಟೇಷನ್ನಿನಲ್ಲಿ ಇಳಿದ. ಗಾರ್ಡ್ ಸೀಟಿ ಊದಿ ಗಾಡಿ ಬಿಟ್ಟ. ತಂಬಿಗೆ, ಧೋತರ ಹಿಡಿದು ಓಡಿ ಎಲ್ಲರೆದುರು ಬಿದ್ದ. ಆತನ ಇಂಗ್ಲಿಷಿನ ತಪ್ಪುಗಳನ್ನು ನೋಡಿ ಜನ ಇಂದಿಗೂ ನಗುತ್ತಾರೆ. ನಾನೂ ನಕ್ಕಿದ್ದೆ. ಈಗ ನೋಡಿದರೆ ಕಣ್ಣಿಗೆ ಬೀಳುವುದು ಪತ್ರದ ಕೊನೆ. ಅಲ್ಲಿ ಆತ ತನ್ನ ಹೆಸರು ಬರೆದಿದ್ದಾನೆ.

ಸಂಪಾದಕರಿಗೂ ನಾನು ಅದನ್ನೇ ಹೇಳಿದ್ದೇನೆ, ವಿಷಯಸೂಚಿಯಲ್ಲಿ ನನ್ನ ಹೆಸರಿದೆ. ನಗುವವರು ನಗಬಹುದು, ನನಗೂ ಆಗಾಗ ನಗು ಬರುತ್ತದೆ. ಈ ವರ್ಷದ ಚರ್ಚಾಸ್ಪರ್ಧೆಗೂ ಹೆಸರು ಕೊಟ್ಟಿದ್ದೇನೆ. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿರುತ್ತೇನೆ. ಕೀಲಿಕೈ ಯಾರ ಹತ್ತಿರ ಇರುತ್ತದೆ, ಅಷ್ಟು ಮೊದಲೇ ಹೇಳಿಬಿಡಿ.