ಸೋಲೋದಾದ್ರೆ ಹೀನಾಯವಾಗೇ ಸೋಲಬೇಕು!

ತಲೆಬರಹ ನೋಡಿ ಇವನಿಗೆ ಏನೋ ಆಗಿದೆ ಅಂದ್ಕೋಬೇಡಿ. ಯೋಚನೆ ಮಾಡಿಯೇ ಬರೀತಿದೀನಿ. ಕೂದಲೆಳೆಯಲ್ಲಿ ಸೋತವನಿಗೆ ಸಿಗೋದು ಸಮಾಧಾನ. "ಛೇ, ಒಂಚೂರಲ್ಲಿ ತಪ್ಪಿಹೋಯ್ತು" ಅಂತ ಎದ್ದು ಕಾಫಿ ಕುಡಿಯೋಕೆ ಹೋಗ್ತಾನೆ. ಮಣ್ಣು ಮುಕ್ಕಿದವನಿಗೆ ಆ ಸಮಾಧಾನ ಇಲ್ಲ, ಆದ್ರೆ ಅವನ ಮುಂದೆ ಒಂದು ಪಾಠ ಬಿದ್ದಿರುತ್ತೆ. ಬಗ್ಗಿ ಎತ್ಕೋಬೇಕು ಅಷ್ಟೇ. ಬಹಳ ಜನ ಎತ್ಕೊಳ್ಳಲ್ಲ, ಅದೇ ನನ್ನ ತಕರಾರು.

ಇದನ್ನ ನಾನು ಹೇಳ್ತಿರೋದು ಡೊಮಿನಿಯನ್ ಅನ್ನೋ ಕಾರ್ಡಿನ ಆಟ ಇಟ್ಕೊಂಡು. ಗೊತ್ತಿಲ್ಲದವರಿಗೆ ಎರಡು ಮಾತು. ಗೊತ್ತಿರೋರು ಮುಂದಿನ ಪ್ಯಾರಾ ಹಾರಿಸಿ.

ಡೊನಾಲ್ಡ್ ಎಕ್ಸ್. ವಕಾರಿನೋ ಅನ್ನೋರು ರೂಪಿಸಿದ ಈ ಆಟ ಹೊರಬಂದಿದ್ದು 2008ರಲ್ಲಿ. ಮರುವರ್ಷ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿಯೂ ಬಂತು. ಇಸ್ಪೀಟಿನ ಥರ ಹಂಚಿದ ಎಲೆಗಳಲ್ಲಿ ಆಡೋದಲ್ಲ, ಆಡ್ತಾ ಆಡ್ತಾ ನಮ್ಮ ಕಟ್ಟನ್ನ ನಾವೇ ಕಟ್ಕೊಳ್ಳೋದು. ಎಲ್ಲರೂ ಶುರು ಮಾಡೋದು ಒಂದೇ ಥರದ 10 ಎಲೆಗಳಿಂದ: 7 ಕಾಪರ್ (ಒಂದೊಂದಕ್ಕೆ 1 ನಾಣ್ಯ), 3 ಎಸ್ಟೇಟ್ (ಕೊನೆಗೆ ಒಂದೊಂದು ಪಾಯಿಂಟ್, ಅಲ್ಲಿವರೆಗೆ ಕೈಯಲ್ಲಿ ದಂಡ). ಪ್ರತಿ ಸರದಿಗೆ 5 ಎಲೆ ಎತ್ಕೋಬೇಕು, ಇರೋ ದುಡ್ಡಲ್ಲಿ ಮಧ್ಯದ ಗುಡ್ಡೆಗಳಿಂದ ಏನಾದ್ರೂ ಕೊಳ್ಳಬೇಕು. ಕಟ್ಟು ಮುಗಿದಾಗ ಕೊಂಡಿದ್ದೂ ಹಳೇದೂ ಸೇರಿಸಿ ಕಲಸಿ ಮತ್ತೆ ಶುರು. ಸಿಲ್ವರ್‌ಗೆ ಬೆಲೆ 3, ಕೊಡೋದು 2 ನಾಣ್ಯ. ಗೋಲ್ಡ್‌ಗೆ ಬೆಲೆ 6, ಕೊಡೋದು 3. ಗೆಲ್ಲೋಕೆ ಬೇಕಾಗಿರೋದು ಪ್ರಾವಿನ್ಸ್: ಬೆಲೆ 8, ಪಾಯಿಂಟ್ 6. ಇಬ್ಬರ ಆಟದಲ್ಲಿ ಅವು 8 ಮಾತ್ರ ಇರುತ್ತೆ. ಅವು ಖಾಲಿಯಾದ್ರೆ, ಇಲ್ಲಾ ಯಾವುದಾದ್ರೂ ಮೂರು ಗುಡ್ಡೆ ಖಾಲಿಯಾದ್ರೆ ಆಟ ಮುಗೀತು. ಇದಿಷ್ಟರ ಜೊತೆಗೆ ಪ್ರತಿ ಆಟಕ್ಕೂ ಬೇರೆ ಬೇರೆ 10 ಬಗೆಯ ವಿಶೇಷ ಕಾರ್ಡುಗಳನ್ನ ಮಧ್ಯದಲ್ಲಿ ಇಡ್ತಾರೆ. ಮಜಾ ಇರೋದೆಲ್ಲ ಅಲ್ಲೇ.

ಈಗ ವಿಷಯಕ್ಕೆ ಬರೋಣ. 1993ರಿಂದ ಇರೋ ಮ್ಯಾಜಿಕ್ ಥರದ ಆಟಗಳಲ್ಲಿ ಅವರವರ ಕಟ್ಟನ್ನ ಅವರವರು ಮನೆಯಿಂದ ತರ್ತಾರೆ. ಸೋತಾಗ "ಅವನ ಹತ್ರ ದುಬಾರಿ ಕಾರ್ಡಿತ್ತು" ಅನ್ನಬಹುದು. ಡೊಮಿನಿಯನ್‌ನಲ್ಲಿ ಆ ದಾರಿ ಮುಚ್ಚಿದೆ. ಇಬ್ಬರಿಗೂ ಅದೇ ಅಂಗಡಿ, ಅದೇ ಬೆಲೆ, ಕೈಯಲ್ಲಿ ಅದೇ ಚಿಲ್ಲರೆ. ಅಂಥಾ ಕಡೆ ಒಬ್ಬ 39, ಇನ್ನೊಬ್ಬ 5 ಅಂತ ಆಟ ಮುಗಿದ್ರೆ ಇಬ್ಬರ ನಡುವೆ ಏನೋ ಒಂದು ದೊಡ್ಡ ವ್ಯತ್ಯಾಸ ಇರ್ಲೇಬೇಕು ಅನ್ಸುತ್ತೆ, ಅಲ್ವಾ?

ಇಲ್ಲ ಸ್ವಾಮಿ! ವ್ಯತ್ಯಾಸ ಚಿಕ್ಕದೇ. ಆದ್ರೆ ಅದು ಬೇಗ ಆಗಿರುತ್ತೆ. ಮಿಕ್ಕಿದ್ದು ಚಕ್ರಬಡ್ಡಿ.

ಲೆಕ್ಕ ಹಾಕಿ ನೋಡೋಣ. ಶುರುವಿನಲ್ಲಿ 10 ಎಲೆಗೆ 7 ನಾಣ್ಯ, ಅಂದ್ರೆ 5 ಎಲೆಯ ಒಂದು ಕೈಗೆ ಸರಾಸರಿ ಮೂರೂವರೆ. ಒಬ್ಬ ನಿಯತ್ತಾಗಿ 3 ಸಿಲ್ವರ್, 2 ಗೋಲ್ಡ್ ಕೊಂಡ ಅಂತಿಟ್ಕೊಳ್ಳಿ. ಈಗ ಅವನ ಹತ್ರ 15 ಎಲೆ, 19 ನಾಣ್ಯ. ಕೈಗೆ ಸರಾಸರಿ 6.3. ಪ್ರಾವಿನ್ಸ್‌ಗೆ ಬೇಕಾಗಿರೋದು 8, ಇನ್ನೂ ದೂರ ಇದೆ.

ಇನ್ನೊಬ್ಬ ಮೊದಲ ಸರದಿಯಲ್ಲೇ ಚಾಪೆಲ್ ಅನ್ನೋ ಕಾರ್ಡು ಕೊಂಡ. ಬೆಲೆ ಬರೀ 2. ಅದರ ಕೆಲಸ ಒಂದೇ, ಕೈಯಲ್ಲಿರೋ ನಾಲ್ಕು ಎಲೆಗಳವರೆಗೆ ಖಾಯಮ್ಮಾಗಿ ಕಸಕ್ಕೆ ಹಾಕೋದು. ಅವನು ಎಸ್ಟೇಟೂ ಕಾಪರೂ ಎಲ್ಲಾ ಬಿಸಾಕಿದ. ಹೊಸಬರು ನೋಡಿದ್ರೆ ನಗ್ತಾರೆ, "ಇದೇನು, ಇರೋ ದುಡ್ಡನ್ನೇ ಬಿಸಾಕ್ತಿದಾನಲ್ಲ!" ಅಂತ. ಆ ಸರದಿಗಳಲ್ಲಿ ಅವನಿಗೆ ಕೊಳ್ಳೋಕೂ ಹೆಚ್ಚೇನೂ ಆಗಲ್ಲ. ಅದೇ 3 ಸಿಲ್ವರ್ 2 ಗೋಲ್ಡ್ ಅವನಿಗೆ ಸಿಗೋದು ತಡವಾಗಿ. ಆದ್ರೆ ಆಗ ಅವನ ಕಟ್ಟಲ್ಲಿ ಇರೋದು 6 ಎಲೆ, 12 ನಾಣ್ಯ. 5 ಎಲೆ ಎತ್ಕೊಂಡಾಗ ಯಾವ ಒಂದು ಎಲೆ ಹೊರಗುಳಿದ್ರೂ ಕೈಯಲ್ಲಿ ಕಮ್ಮಿ ಅಂದ್ರೂ 9 ನಾಣ್ಯ! ಕೊಂಡ ಪ್ರಾವಿನ್ಸ್‌ಗಳೂ ಕಟ್ಟಿಗೇ ಸೇರೋದ್ರಿಂದ ಆಮೇಲೆ ಸ್ವಲ್ಪ ನಿಧಾನ ಆಗುತ್ತೆ, ನಿಜ. ಅಷ್ಟರಲ್ಲಿ ಅವನು ಎಲ್ಲೋ ಹೋಗಿಬಿಟ್ಟಿರ್ತಾನೆ.

ಗಮನಿಸಿದ್ರಾ? 19 ನಾಣ್ಯ ಇದ್ದವನು ಹಿಂದೆ, 12 ನಾಣ್ಯ ಇದ್ದವನು ಮುಂದೆ. ಇನ್ನೊಂದು ವಿಷಯ. ಆಟ ಕೈತಪ್ಪಿದ ಆ 3ನೇ, 4ನೇ ಸರದಿಯಲ್ಲಿ ನೋಡೋಕೆ ಗೆಲ್ತಾ ಇದ್ದವನು ಸೋತವನೇ! ಅವನಿಗೆ ಸೋಲು ಕಾಣ್ಸಿದ್ದು ಎದುರಾಳಿ ಸಾಲಾಗಿ ಪ್ರಾವಿನ್ಸ್ ಎತ್ತೋಕೆ ಶುರು ಮಾಡಿದಾಗ. ಹಾಗಾಗಿ ಹುಡುಕೋದೂ ಅಲ್ಲೇ ಹುಡುಕ್ತಾನೆ. "ಆವಾಗ ನನಗೆ 7 ಬಂತು, ಇನ್ನೊಂದು ಬಂದಿದ್ರೆ..." ಅಂತ. ಬೆಂಕಿ ಬಿದ್ದಿದ್ದು ಹಿತ್ತಲಲ್ಲಿ, ಇವನು ನೀರು ಹಾಕ್ತಿರೋದು ಜಗಲಿಗೆ.

ಕಳೆದ ರಜೆಯಲ್ಲಿ ನನ್ನ ಅಕ್ಕನ ಮಗ ಮನೆಗೆ ಬಂದಿದ್ದ, ಎಂಟನೇ ಕ್ಲಾಸು. ಅವನಿಗೂ ನನಗೂ ನಡೆದ ಆಟದ ಸ್ಕೋರೇ ಮೇಲೆ ಹೇಳಿದ 39–5. ಎರಡು ಪ್ರಾವಿನ್ಸ್ 12, ಮೂರು ಎಸ್ಟೇಟ್ 3, ಆದ್ರೆ 10 ಕರ್ಸ್ ಬಿದ್ದು ಮೈನಸ್ 10. ಕಾರ್ಡುಗಳನ್ನ ತಳ್ಳಿ "ನಂಗೆ ಈ ಆಟ ಬರಲ್ಲ ಬಿಡಿ ಮಾಮ" ಅಂದ. ನನಗೆ ಕಸಿವಿಸಿ ಆಗಿದ್ದು ಆ ಮಾತಿಗೇ. ಯಾಕಂದ್ರೆ ಅವನು 5 ಅನ್ನೋ ಅಂಕಿಯನ್ನ ತನಗೆ ಬಂದ ಮಾರ್ಕ್ಸು ಅಂತ ಓದ್ಕೊಂಡಿದ್ದ.

ಇಬ್ಬರೂ ಕೂತು ಹಿಂದಕ್ಕೆ ಹೋಗಿ ನೋಡಿದ್ವಿ. ಅವನ ಹತ್ರ ಮೊದಲ ಸಲ 5 ನಾಣ್ಯ ಬಂದಾಗ ಮಾರ್ಕೆಟ್ ಕೊಂಡಿದ್ದ. ಒಳ್ಳೇ ಕಾರ್ಡೇ. ನಾನು ಅದೇ 5 ನಾಣ್ಯಕ್ಕೆ ವಿಚ್ ಕೊಂಡಿದ್ದೆ. ವಿಚ್ ಆಡಿದಾಗಲೆಲ್ಲ ನನಗೆ ಎರಡು ಎಲೆ, ಎದುರಿನವನಿಗೆ ಒಂದು ಕರ್ಸ್. ಅವನು ಕರ್ಸನ್ನ 'ಮೈನಸ್ ಒಂದು ಪಾಯಿಂಟ್ ತಾನೇ' ಅಂದ್ಕೊಂಡಿದ್ದ. ಕರ್ಸಿನ ವಿಷ ಇರೋದು ಪಾಯಿಂಟಲ್ಲಲ್ಲ, ಅದು ಕೈಯಲ್ಲಿ ಹಿಡಿಯೋ ಜಾಗದಲ್ಲಿ. ಮೇಲೆ ಹೇಳಿದ 15 ಎಲೆ 19 ನಾಣ್ಯದ ಕಟ್ಟಿಗೆ 10 ಕರ್ಸ್ ಸೇರಿಸಿ: 25 ಎಲೆ, 19 ನಾಣ್ಯ, ಕೈಗೆ ಸರಾಸರಿ 3.8. ಆಟ ಶುರು ಮಾಡಿದಾಗ ಇದ್ದಿದ್ದು 3.5! ಅಷ್ಟು ಹೊತ್ತು ದುಡಿದಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಈ ಲೆಕ್ಕ ಕಾಗದದ ಮೇಲೆ ಬರೆದಾಗ ಹುಡುಗನ ಮುಖ ಬದಲಾಯ್ತು. "ಅಂದ್ರೆ ನಾನು ಮಿಕ್ಕಿದ್ದೆಲ್ಲ ಸರಿಯಾಗೇ ಆಡಿದ್ನಾ?" ಅಂದ. ಹೌದು ಕಣೋ, ಹೆಚ್ಚುಕಮ್ಮಿ ಸರಿಯಾಗೇ ಆಡಿದ್ದೆ. 34 ಪಾಯಿಂಟಿನ ಅಂತರ ಒಂದು ಕೊಳ್ಳುವಿಕೆಯಿಂದ ಶುರುವಾಗಿದ್ದು.

ಮುಂದಿನ ಆಟ 30–27. ಇಬ್ಬರಿಗೂ ನಾಲ್ಕು ನಾಲ್ಕು ಪ್ರಾವಿನ್ಸ್, ಇಬ್ಬರ ಎಸ್ಟೇಟೂ ಸಮ, ನನ್ನ ಹತ್ರ ಒಂದು ಡಚಿ ಜಾಸ್ತಿ. ಆವತ್ತು ಅವನು "ಕಲಸಿದ್ದು ಸರಿ ಇರ್ಲಿಲ್ಲ" ಅಂದ. ನಿಜ ಇದ್ರೂ ಇರಬಹುದು. ಆದ್ರೆ ಆ ಆಟದಿಂದ ಇಬ್ಬರೂ ಏನೂ ಕಲೀಲಿಲ್ಲ. :)

ಹಾಗಾದ್ರೆ ಮಣ್ಣು ಮುಕ್ಕಿದಾಗ ಏನು ಮಾಡ್ಬೇಕು? ನನ್ನ ಪ್ರಕಾರ ಮೂರೇ ಪ್ರಶ್ನೆ.

ಒಂದು, ಮೊದಲ ನಾಲ್ಕೈದು ಕೊಳ್ಳುವಿಕೆಯಲ್ಲಿ ಅವನು ಕೊಂಡು ನಾನು ಕೊಳ್ಳದೇ ಇದ್ದಿದ್ದು ಯಾವುದು? ಆನ್‌ಲೈನ್ ಆಡಿದ್ರೆ ಪ್ರತಿ ನಡೆಯ ದಾಖಲೆ ಇರುತ್ತೆ. ಮನೇಲಿ ಆಡಿದ್ರೆ ಎದುರಾಳಿಯ ಕಟ್ಟನ್ನ ಮೇಜಿನ ಮೇಲೆ ಹರಡಿ ನೋಡಿ.

ಎರಡು, ಏನೂ ಬುದ್ಧಿ ಓಡಿಸದೆ ಬರೀ ಸಿಲ್ವರ್, ಗೋಲ್ಡ್, ಪ್ರಾವಿನ್ಸ್ ಕೊಳ್ತಾ ಹೋಗಿದ್ರೆ ಇದಕ್ಕಿಂತ ಚೆನ್ನಾಗಿ ಆಗ್ತಿತ್ತಾ? ಆಡೋರು ಇದನ್ನ 'ಬಿಗ್ ಮನಿ' ಅಂತಾರೆ. ಅದು ಸುಮಾರು 17 ಸರದಿಗೆ ನಾಲ್ಕು ಪ್ರಾವಿನ್ಸ್ ತಂದುಕೊಡುತ್ತೆ. ನೀವು ಅದಕ್ಕಿಂತ ನಿಧಾನವಾಗಿದ್ರೆ ನಿಮ್ಮ ಜಾಣತನವೇ ನಿಮ್ಮನ್ನ ಸೋಲಿಸಿದ್ದು, ಎದುರಾಳಿಯಲ್ಲ. ಅಷ್ಟೇ ವೇಗ ಇದ್ದೂ ಧೂಳೀಪಟ ಆದ್ರೆ ಮಧ್ಯದ 10 ಬಗೆಯಲ್ಲಿ ಏನೋ ಒಂದು ನಿಮ್ಮ ಕಣ್ಣಿಗೆ ಬೀಳಲಿಲ್ಲ ಅಂತ ಅರ್ಥ. ಎರಡಕ್ಕೂ ಮದ್ದು ಬೇರೆ ಬೇರೆ.

ಮೂರು, ಇದು ಬರೀ ಅದೃಷ್ಟವಾ? ಇದನ್ನ ಕೊನೆಗೆ ಕೇಳಿ, ಮೊದಲೇ ಕೇಳಬೇಡಿ. ಅದೃಷ್ಟಕ್ಕೂ ಜಾಗ ಇದೆ. ಮೊದಲೆರಡು ಕೈಗಳಲ್ಲಿ 7 ಕಾಪರ್ ಸಾಮಾನ್ಯವಾಗಿ 4–3 ಅಂತ ಹಂಚಿಹೋಗುತ್ತೆ. ಆರರಲ್ಲಿ ಒಂದು ಸಲ 5–2 ಬರುತ್ತೆ. ವಿಚ್ ಇರೋ ಆಟದಲ್ಲಿ ಅದು ಎದುರಾಳಿಗೆ ಬಂದು ನಿಮಗೆ ಬರದಿದ್ರೆ ಅವನು ಮೊದಲೆರಡು ಸರದಿಯಲ್ಲೇ ವಿಚ್ ಕೊಂಡು ಕೂತಿರ್ತಾನೆ. ಅಂಥ ದಿನ ಕೈ ಮುಗಿದು ಏಳಿ, ಅದರಿಂದ ತತ್ವ ಹಿಂಡೋಕೆ ಹೋಗಬೇಡಿ.

ಕ್ರಿಕೆಟ್ ನೋಡೋರಿಗೆ ಇದು ಬೇಗ ಅರ್ಥ ಆಗುತ್ತೆ. 2020ರ ಡಿಸೆಂಬರ್‌ನಲ್ಲಿ ಅಡಿಲೇಡ್ ಟೆಸ್ಟ್‌ನಲ್ಲಿ ಭಾರತ ಎರಡನೇ ಇನ್ನಿಂಗ್ಸ್‌ನಲ್ಲಿ 36 ರನ್‌ಗೆ ಮುಗಿದುಹೋಯ್ತು. ಮೊದಲ ಇನ್ನಿಂಗ್ಸ್‌ನಲ್ಲಿ 53 ರನ್ ಮುಂದಿದ್ದ ಟೀಮು ಅದು! ಆ 36 ಅನ್ನೋ ಅಂಕಿಯನ್ನೇ ತಮ್ಮ ಯೋಗ್ಯತೆ ಅಂತ ಅವರು ನಂಬಿಬಿಟ್ಟಿದ್ರೆ ಮೆಲ್ಬರ್ನ್ ಇರ್ತಿರ್ಲಿಲ್ಲ, 2021ರ ಜನವರಿಯ ಬ್ರಿಸ್ಬೇನ್ ಇರ್ತಿರ್ಲಿಲ್ಲ. ಸರಣಿ 2–1ರಲ್ಲಿ ಗೆದ್ದು ಬಂದ್ರು.

ಇನ್ನೊಂದು ಹಳ್ಳ ಇದೆ, ಅದರಲ್ಲಿ ಬೀಳೋರೂ ಬಹಳ. ಚಾಪೆಲ್‌ನಿಂದ ಒಮ್ಮೆ ಪೆಟ್ಟು ತಿಂದವರು ಮುಂದೆ ಕಣ್ಣುಮುಚ್ಚಿ ಚಾಪೆಲ್ ಕೊಳ್ತಾರೆ. ವಿಚ್‌ನಿಂದ ತಿಂದವರು ವಿಚ್ ಕೊಳ್ತಾರೆ. 2008ರ ಮೊದಲ ಪೆಟ್ಟಿಗೆಯಲ್ಲೇ 25 ಬಗೆಯ ವಿಶೇಷ ಕಾರ್ಡು ಇದ್ವು. ಅದರಲ್ಲಿ 10 ಆರಿಸೋಕೆ 32,68,760 ದಾರಿ. ಆಮೇಲೆ ಬಂದ ಪೆಟ್ಟಿಗೆಗಳ ಲೆಕ್ಕ ಬೇಡವೇ ಬೇಡ. ಇವತ್ತು ಸೋತ ಅಂಗಡಿ ಜೀವಮಾನದಲ್ಲಿ ಮತ್ತೆ ತೆರೆಯೋದು ಅನುಮಾನ. ಹಾಗಾಗಿ 'ಚಾಪೆಲ್ ಒಳ್ಳೇದು' ಅನ್ನೋದು ಅರ್ಧ ಪಾಠ. 'ಕಟ್ಟಿನಲ್ಲಿ ಎಷ್ಟಿದೆ ಅನ್ನೋದಲ್ಲ, ಒಂದು ಕೈಗೆ ಎಷ್ಟು ಬರುತ್ತೆ ಅನ್ನೋದು ಮುಖ್ಯ' ಅನ್ನೋದು ಪೂರ್ತಿ ಪಾಠ. ಇದು ಯಾವ ಅಂಗಡಿಗೂ ಆಗುತ್ತೆ.

ಮಧ್ಯದಲ್ಲೇ ಆಟ ಬಿಟ್ಟು ಏಳೋರ ಬಗ್ಗೆ ಒಂದು ಮಾತು. ಸೋಲ್ತೀನಿ ಅಂತ ಗೊತ್ತಾದ ತಕ್ಷಣ ಆನ್‌ಲೈನ್‌ನಲ್ಲಿ ಬಟನ್ ಒತ್ತಿ ಹೋಗ್ತಾರೆ. ಅದು ಅವರ ಹಕ್ಕು, ಬೈಯಲ್ಲ. ಆದ್ರೆ ಎದುರಾಳಿಯ ಕಟ್ಟು ಪೂರ್ತಿ ತಯಾರಾಗಿ ಓಡೋದು ಆವಾಗಲೇ. ದುಡ್ಡು ಕೊಟ್ಟಾಗಿದೆ, ಸಿನಿಮಾ ನೋಡದೇ ಎದ್ದು ಬಂದ ಹಾಗೆ ಇದು. ನನ್ನ ಸಲಹೆ ಇಷ್ಟೇ, ಮುಗಿಯೋವರೆಗೆ ಕೂರಬೇಡಿ, ಅರ್ಥ ಆಗೋವರೆಗೆ ಕೂರಿ. ಅವನ ಒಂದೆರಡು ದೊಡ್ಡ ಸರದಿ ನೋಡಿ, ಆಮೇಲೆ ಎದ್ದುಹೋಗಿ.

ಗೆದ್ದವರಿಗೂ ಒಂದು ಕರ್ತವ್ಯ ಇದೆ ಅಂತ ನನ್ನ ಗಟ್ಟಿ ಅಭಿಪ್ರಾಯ. 39–5ರಲ್ಲಿ ಗೆದ್ದು "ಚೆನ್ನಾಗಿ ಆಡಿದ್ರಿ" ಅನ್ನೋದು ಗಾಯಕ್ಕೆ ಉಪ್ಪು. ಅದರ ಬದಲು "ನೀವು ಮೊದಲ ಸಲ 5 ಬಂದಾಗ ಮಾರ್ಕೆಟ್ ತಗೊಂಡ್ರಲ್ಲ, ಅಲ್ಲಿಂದ ದಾರಿ ಬೇರೆಯಾಯ್ತು" ಅಂತ ಒಂದು ವಾಕ್ಯ ಹೇಳಿ. ನಿಮ್ಮ ಗುಟ್ಟು ಹೋಗುತ್ತೆ, ನಿಜ. ಆದ್ರೆ ಪ್ರತಿ ವಾರ ಧೂಳೀಪಟ ಆಗೋ ಗೆಳೆಯ ಒಂದು ವಾರ ಬರೋದೇ ನಿಲ್ಲಿಸ್ತಾನೆ. ಆಗ ಗುಟ್ಟು ಇಟ್ಕೊಂಡು ಯಾರ ಜೊತೆ ಆಡ್ತೀರಿ? ಮೇಜಿನ ಸುತ್ತ ನಾಲ್ಕು ಜನ ಸೇರೋದೇ ಕಷ್ಟ ಆಗಿರೋ ಕಾಲ ಇದು.

ಇದೆಲ್ಲ ಬರೀ ಕಾರ್ಡಿನ ಆಟಕ್ಕಾ ಅಂತ ನೀವು ಕೇಳಬಹುದು. ಜೀವನಕ್ಕೆ ಅಂಟಿಸಿ ಉಪದೇಶ ಮಾಡೋ ಇಷ್ಟ ನನಗಿಲ್ಲ, ನೀವೇ ಅಂಟಿಸ್ಕೊಳ್ಳಿ. ನಾನು ಹೇಳೋದು ಇಷ್ಟು: ಬೇಗ ಬೆಳೆಯೋ ಆಟದಲ್ಲಿ ಅಂತರವೂ ಬೇಗ ಬೆಳೆಯುತ್ತೆ. ಕೊನೆಯ ಅಂಕಿ ಹೇಳೋದು ಅಸಲನ್ನಲ್ಲ, ಬಡ್ಡಿಯನ್ನ. ಅಸಲು ಹುಡುಕಿದ್ರೆ ಅದು ಎರಡು ನಾಣ್ಯದ ಒಂದು ಕಾರ್ಡು ಇರಬಹುದು.

ನೀವೇನಂತೀರಿ? ಯಾವುದೇ ಆಟದಲ್ಲಿ ಹೀಗೆ ಮಣ್ಣು ಮುಕ್ಕಿ ಏನಾದ್ರೂ ಹೆಕ್ಕಿಕೊಂಡು ಎದ್ದಿದ್ರೆ ನಿಮ್ಮ ನಿಮ್ಮ ಬ್ಲಾಗಲ್ಲಿ ಬರೀರಿ, ಓದೋಕೆ ನಾನಂತೂ ಕಾಯ್ತಿರ್ತೀನಿ. 30–27ರ ಕಥೆ ಮಾತ್ರ ಬೇಡ. :)