ಕೊಂಡ ಬೆಲೆ, ಸಾಕುವ ಬೆಲೆ

ನಿವೃತ್ತ ಉಪಾಧ್ಯಾಯರೊಬ್ಬರು ಕೆಲವು ತಿಂಗಳ ಹಿಂದೆ ಚಿಂತಾಕ್ರಾಂತರಾಗಿ ನಮ್ಮಲ್ಲಿಗೆ ಬಂದರು. ಹೊಸ ಸಣ್ಣ ಕಾರಿಗಿಂತ ಅಗ್ಗವೆಂದು, ಹತ್ತು ವರ್ಷ ಹಳೆಯದಾದ ದೊಡ್ಡ ಡೀಸೆಲ್ ಕಾರೊಂದನ್ನು ನಿವೃತ್ತಿಯ ಹಣದಿಂದ ಕೊಂಡಿದ್ದರು. ಎಂಟು ತಿಂಗಳೊಳಗೆ ಇಂಜೆಕ್ಟರುಗಳು ಕೆಟ್ಟವು, ಬಳಿಕ ಟರ್ಬೊ. ರಿಪೇರಿಯ ಲೆಕ್ಕ ಕೊಂಡ ಬೆಲೆಯ ಅರ್ಧವನ್ನು ಮುಟ್ಟಿತ್ತು. "ಮಗಳ ಮದುವೆಯ ಹಣಕ್ಕೆ ಕೈಹಾಕಿದ್ದೇನೆ, ಶಾಸ್ತ್ರಿಗಳೆ. ಈಗ ಗೇರ್‌ಬಾಕ್ಸೂ ಸದ್ದು ಮಾಡುತ್ತಿದೆ. ಏನು ಮಾಡಲಿ?" ಎಂದರು.

ನಾವು ಯಂತ್ರಶಾಸ್ತ್ರ ಬಲ್ಲವರಲ್ಲ. ಆದರೂ ಬಲ್ಲ ಮೇಸ್ತ್ರಿಗಳನ್ನು ವಿಚಾರಿಸಿ ತಿಳಿದುದನ್ನು ಓದುಗ ಬಂಧುಗಳ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಕಾರಿನ ಬಾಳಿಕೆಯನ್ನು ನಿರ್ಧರಿಸುವುದು ಹೆಸರೊಂದೇ ಅಲ್ಲ. ಮೊದಲನೆಯದು, ಯಂತ್ರದ ಸರಳತೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ನಮ್ಮ ದೇಶದಲ್ಲಿ 25 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅದರ ಮೂರು ಸಿಲಿಂಡರಿನ ಪುಟ್ಟ ಎಂಜಿನ್ನನ್ನು ಸಣ್ಣ ಊರಿನ ಮೇಸ್ತ್ರಿಯೂ ಬಿಚ್ಚಿ ಕೂಡಿಸಬಲ್ಲವನಾಗಿದ್ದನು. ಟರ್ಬೊ, ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್ ಮೊದಲಾದವು ಸುಖಕರವೇ ಸರಿ. ಕೆಟ್ಟಾಗ ಮಾತ್ರ ಖರ್ಚು ದೊಡ್ಡದು.

ಎರಡನೆಯದು, ಬಿಡಿಭಾಗಗಳ ಲಭ್ಯತೆ. ಜನರಲ್ ಮೋಟಾರ್ಸ್ ಸಂಸ್ಥೆಯು 2017ರ ಕೊನೆಗೆ ಇಲ್ಲಿ ಷೆವರ್ಲೆ ಕಾರುಗಳ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ ಸಂಸ್ಥೆಯು ಇಲ್ಲಿ ಕಾರು ತಯಾರಿಕೆಯನ್ನು ಮುಗಿಸುವುದಾಗಿ 2021ರಲ್ಲಿ ಘೋಷಿಸಿತು. ಸೇವೆ ಮುಂದುವರಿಯುವುದೆಂದು ಎರಡೂ ಸಂಸ್ಥೆಗಳು ಹೇಳಿದವು. ಆದರೂ ಇಂತಹ ಹಳೆಯ ಕಾರನ್ನು ಕೊಳ್ಳುವವರು ಬಿಡಿಭಾಗ ತಮ್ಮ ಊರಿಗೆ ಎಷ್ಟು ದಿನದಲ್ಲಿ, ಎಷ್ಟು ಬೆಲೆಗೆ ಬರುವುದೆಂದು ಮೊದಲೇ ವಿಚಾರಿಸುವುದು ಲೇಸು.

ಮೂರನೆಯದು, ಹಿಂದಿನ ಒಡೆಯನ ಆರೈಕೆ. ಕೆಲವು ಎಂಜಿನ್ನುಗಳಲ್ಲಿ ರಬ್ಬರಿನ ಟೈಮಿಂಗ್ ಬೆಲ್ಟ್ ಇರುತ್ತದೆ. ಗೊತ್ತುಮಾಡಿದ ಅವಧಿಗೆ ಅದನ್ನು ಬದಲಿಸದೆ, ಓಡುವಾಗ ಹರಿದುಹೋದರೆ, ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ಬಡಿದು ವಾಲ್ವುಗಳು ಬಾಗುತ್ತವೆ. ಅಲ್ಪ ವೆಚ್ಚವನ್ನು ಉಳಿಸಹೋಗಿ ಎಂಜಿನ್ನನ್ನೇ ಕಳೆದುಕೊಂಡಂತೆ! ಆದುದರಿಂದ ಬಣ್ಣ ನೋಡುವ ಮೊದಲು ಸರ್ವಿಸ್ ಪುಸ್ತಕವನ್ನು ನೋಡಬೇಕು. ಮಾರುವವನಿಗೆ ಸಂಬಂಧಿಸದ ಮೇಸ್ತ್ರಿಯೊಬ್ಬನಿಂದ ಪರೀಕ್ಷೆ ಮಾಡಿಸಬೇಕು.

ಇನ್ನು ಉಪಾಧ್ಯಾಯರ ಪ್ರಶ್ನೆ. "ಇಷ್ಟು ಸುರಿದ ಮೇಲೆ ಬಿಡುವುದು ಹೇಗೆ?" ಎಂಬುದೇ ಅವರ ಸಂಕಟವಾಗಿತ್ತು. ಹೋದ ಹಣವು ಕಾರನ್ನು ಇಟ್ಟುಕೊಂಡರೂ ಬಾರದು, ಮಾರಿದರೂ ಬಾರದು. ಮುಂದೆ ತಗಲುವ ವೆಚ್ಚವನ್ನು ಮಾತ್ರ ಎಣಿಸಿರೆಂದು ನಾವು ಹೇಳಿದೆವು. ಅವರು ದೋಷಗಳನ್ನು ಮರೆಮಾಚದೆ ತಿಳಿಸಿ, ನಷ್ಟಕ್ಕೇ ಮಾರಿದರು. ಈಗ ಅವರ ಅಂಗಳದಲ್ಲಿ ಸಣ್ಣದೊಂದು ಪೆಟ್ರೋಲ್ ಕಾರಿದೆ. ನೆರೆಯವರು ನಕ್ಕರಂತೆ. ಮಗಳ ಮದುವೆ ಮಾತ್ರ ನಿಶ್ಚಯಿಸಿದ ದಿನವೇ ನೆರವೇರಿತು. ನಾವೂ ಹೋಗಿ ಹರಸಿ ಬಂದೆವು.