ಹೋಗೋ ನೀರಿನ ಲೆಕ್ಕ

ನಮ್ಮೂರು ಠಾಣಾ ಕುಶನೂರ. ಬೀದರ್ ಜಿಲ್ಲೆ, ಮೊದಲು ಔರಾದ ತಾಲ್ಲೂಕು, ಈಗ ಕಮಲನಗರ ತಾಲ್ಲೂಕು. ಹಾಸ್ಟೆಲ್‌ನಲ್ಲಿ ಯಾರಾದರೂ ಎಲ್ಲಿ ಬರುತ್ತೆ ಅಂತ ಕೇಳಿದರೆ, ಕರ್ನಾಟಕದ ಮ್ಯಾಪ್ ತೆಗಿ, ಮೇಲಿನ ತುದೀಲಿ ಹುಡುಕು ಅಂತೀವಿ. ನಾವು ಅಂದ್ರೆ ಇಬ್ಬರು. ಅಣ್ಣತಮ್ಮಂದಿರ ಮಕ್ಕಳು, ಒಬ್ಬ ಮೆಕ್ಯಾನಿಕಲ್, ಒಬ್ಬ ಸಿವಿಲ್, ಇಬ್ಬರೂ ಎರಡನೇ ವರ್ಷ, ಇಬ್ಬರೂ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಕಾಗುಣಿತ ತಪ್ಪಿದ್ದರೆ ಸಂಪಾದಕರಿಗೆ ಬೈಯಿರಿ, ನಮಗಲ್ಲ.

ಹೋದ ರಜೆಯಲ್ಲಿ ನಮ್ಮ ಸಣ್ಣ ಕಾಕಾ ಒಂದು ಗಾಡಿ ತಂದರು. ಹಳೇ ಹದಿನೇಳು ಸೀಟಿನ ಟೆಂಪೋ. ಅದರೊಳಗಿನ ಸೀಟೆಲ್ಲ ಕಿತ್ತು ಯಾರೋ ಎರಡು ಹಾಸಿಗೆ, ಒಂದು ಸಣ್ಣ ಅಡುಗೆ ಕಟ್ಟೆ, ಒಂದು ಸಿಂಕು, ಮೂಲೆಯಲ್ಲಿ ಸಂಡಾಸ ಮತ್ತು ಸ್ನಾನದ ಗೂಡು ಮಾಡಿಸಿದ್ದರು. ಕಾಕಾ ಅದನ್ನ ಸೆಕೆಂಡ್ ಹ್ಯಾಂಡ್ ಕೊಂಡರು. ಅವರು ಮೊದಲು ಯೂಟ್ಯೂಬಿನಲ್ಲಿ ನೋಡಿದ್ದು ಅಮೆರಿಕದ ಫಿಫ್ತ್ ವೀಲ್ ಕ್ಯಾಂಪರ್. ದೊಡ್ಡ ಪಿಕಪ್ ಗಾಡಿಯ ಬೆನ್ನ ಮೇಲೆ ಕೊಂಡಿ ಹಾಕಿ ಒಂದು ಇಡೀ ಮನೇನೇ ಎಳಕೊಂಡು ಹೋಗ್ತಾರಲ್ಲ, ಅದು. ಆ ಹೆಸರು ಬಂದದ್ದು ಕುದುರೆ ಗಾಡಿ ಕಾಲದಿಂದ. ಮುಂದಿನ ಅಚ್ಚು ತಿರುಗೋಕೆ ಅಂತ ಅಡ್ಡಡ್ಡ ಮಲಗಿಸಿದ ಒಂದು ಚಕ್ರ ಇರ್ತಿತ್ತು, ನಾಲ್ಕರ ಮೇಲೆ ಅದು ಐದನೇದು. ಅದೇ ಥರದ ಕೊಂಡಿ ನಮ್ಮ ಹೈವೇಯ ಕಂಟೇನರ್ ಲಾರಿಗಳಲ್ಲೂ ಇದೆ, ಯಾವ ಡಾಬಾದ ಮುಂದೆ ಬೇಕಾದರೂ ಬಗ್ಗಿ ನೋಡಬಹುದು. ಆದರೆ ನಮ್ಮೂರ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರಾಲಿ ಎಳೆಯೋ ಸೀಸನ್ನಿನಲ್ಲಿ, ಇನ್ನೊಂದು ಮನೆ ಎಳಕೊಂಡು ಹೋಗೋ ಮಾತೇ ಇಲ್ಲ. ಹಂಗಾಗಿ ಟೆಂಪೋ.

ಊರಲ್ಲಿ ಜನ ನಕ್ಕರು. ‘ರೊಕ್ಕ ಹೆಚ್ಚಾಗ್ಯಾವೇನ್ರಿ, ಸಂಡಾಸ ಕಟ್ಟಿಕೊಂಡು ತಿರಗತೀರಿ?’ ಕ್ಯಾಂಪಸ್‌ನಲ್ಲಿ ಹೇಳಿದಾಗ ಗೆಳೆಯರು ರೀಲ್ಸ್ ಮಾಡೋಣ ಅಂದರು. ಎರಡೂ ಕಡೆ ವಿಷಯ ತಪ್ಪಾಗಿ ಅರ್ಥ ಆಗಿತ್ತು. ಗಾಡಿ ತಂದದ್ದು ನಮ್ಮ ಆಯಿಗಾಗಿ. ಆಯಿಗೆ ಮೊಣಕಾಲು ಬಗ್ಗಲ್ಲ. ವರ್ಷಕ್ಕೊಮ್ಮೆ ಖಾನಾಪುರದ ಮೈಲಾರ ಮಲ್ಲಣ್ಣನಿಗೆ, ಬಸವಕಲ್ಯಾಣಕ್ಕೆ, ತುಳಜಾಪುರಕ್ಕೆ ಹೋಗಲೇಬೇಕು. ಹೊರಡೋ ದಿನ ಬೆಳಿಗ್ಗೆಯಿಂದ ಆಯಿ ನೀರು ಮುಟ್ಟಲ್ಲ. ಬಾಟಲಿ ಕೊಟ್ಟರೆ ‘ಬ್ಯಾಡಪ್ಪ, ಆಮ್ಯಾಗ ಕುಡೀತೀನಿ’ ಅಂತಾಳೆ. ಆ ‘ಆಮ್ಯಾಗ’ ಬರೋದು ರಾತ್ರಿ ಮನೆಗೆ ವಾಪಸ್ ಬಂದ ಮೇಲೆ. ಬೀದರದ ಬಿಸಿಲಿನಲ್ಲಿ ಹನ್ನೆರಡು ತಾಸು. ಎರಡು ವರ್ಷದ ಹಿಂದೆ ಹಿಂಗೇ ಹೋಗಿ ಬಂದು ಮೂತ್ರದ ಸೋಂಕಾಗಿ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡಳು. ನಮ್ಮ ಅಮ್ಮಂದಿರೂ ಹಂಗೇ ಮಾಡ್ತಾರೆ ಅಂತ ನಮಗೆ ಗೊತ್ತಾದದ್ದು ಆಮೇಲೆ. ನಮ್ಮ ಕ್ಲಾಸಿನ ಹುಡುಗಿಯರನ್ನ ಕೇಳಿದೆವು. ರಜೆಗೆ ಊರಿಗೆ ಹೋಗೋ ರಾತ್ರಿ ಬಸ್ಸಿನಲ್ಲಿ ಅವರೂ ನೀರು ಕುಡಿಯಲ್ಲವಂತೆ. ಹುಡುಗರಾದ ನಾವು ಈ ಲೆಕ್ಕವನ್ನ ಹತ್ತೊಂಬತ್ತು ವರ್ಷ ಮಾಡಿರಲೇ ಇಲ್ಲ.

ಇರಲಿ, ಗಾಡಿಯ ಕಥೆಗೆ ಬರ್ತೀವಿ. ಕಾಕಾ ಬೀಗದ ಕೈ ನಮ್ಮ ಕೈಗೆ ಕೊಟ್ಟು ‘ಇಂಜಿನಿಯರ್ ಅದೀರಿ, ನೋಡ್ರಿ’ ಅಂದರು. ಮೊದಲ ರಾತ್ರಿ ಮನೆ ಮುಂದೆ ನಿಲ್ಲಿಸಿ ಒಳಗೆ ಮಲಗಿದೆವು. ಹನ್ನೆರಡರ ಸುಮಾರಿಗೆ ಪಂಪು ‘ಟರ್’ ಅಂದು ನಿಂತಿತು. ಯಾರೂ ನಳ ತಿರುವಿಲ್ಲ. ಐದು ನಿಮಿಷಕ್ಕೆ ಮತ್ತೆ ‘ಟರ್’. ಒಳ್ಳೇ ಗಾಡಿ, ತಾನೇ ಎದ್ದು ನೀರು ಕುಡೀತದೆ ಅಂತ ನಕ್ಕು ಮಲಗಿದೆವು. ಬೆಳಿಗ್ಗೆ ಎದ್ದರೆ ಹಾಸಿಗೆ ಕೆಳಗಿನ ಪ್ಲೈವುಡ್ ಉಬ್ಬಿತ್ತು.

ಇದರಲ್ಲಿ ನಿಗೂಢ ಏನೂ ಇಲ್ಲ. ಇಂಥ ಗಾಡಿಯಲ್ಲಿ ಮೇಲೆ ಟಾಕಿ ಇರಲ್ಲ. ಕೆಳಗೆ ನೂರು ಲೀಟರಿನ ಟಾಕಿ, ಪಕ್ಕದಲ್ಲಿ 12 ವೋಲ್ಟಿನ ಪಂಪು, ಪಂಪಿಗೆ ಒಂದು ಪ್ರೆಷರ್ ಸ್ವಿಚ್. ಪೈಪಿನಲ್ಲಿ ಒತ್ತಡ ಇಳಿದರೆ ಪಂಪು ಶುರು, ಏರಿದರೆ ಬಂದ್. ನಳ ಮುಚ್ಚಿದ್ದರೂ ಪಂಪು ಆಗಾಗ ಎದ್ದರೆ ಎಲ್ಲೋ ನೀರು ಸೋರ್ತಿದೆ ಅಂತಲೇ ಅರ್ಥ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಮ್ಮಲ್ಲೊಬ್ಬನಿಗೆ ಒಳ್ಳೇ ಗ್ರೇಡ್ ಬಂದಿದೆ, ಯಾರಿಗೆ ಅಂತ ಹೇಳಲ್ಲ. ಬರ್ನೌಲಿ ಸಮೀಕರಣ ಬಾಯಿಪಾಠ. ಪಂಪಿನ ಆ ಸದ್ದು ಏನು ಹೇಳ್ತಿದೆ ಅಂತ ಮಾತ್ರ ಗೊತ್ತಾಗಲಿಲ್ಲ.

ಊರಿನ ಪ್ಲಂಬರ್ ಕಾಕಾ ಬಂದರು. ಏಳನೇ ಇಯತ್ತೆ ಓದಿದವರು. ಎರಡು ನಿಮಿಷ ಪಂಪಿನ ಹತ್ತಿರ ಕಿವಿ ಇಟ್ಟು ಕೂತರು. ‘ಮನೀ ಪೈಪ್ ಗಾಡಿಗಿ ಹಾಕ್ಯಾರ’ ಅಂದರು. ಅಷ್ಟೇ. ಆ ಒಂದು ಮಾತನ್ನ ಬಿಡಿಸೋಕೆ ನಮಗೆ ಒಂದು ದಿನ ಬೇಕಾಯಿತು. ಮನೆಯಲ್ಲಿ ಟಾಕಿ 5 ಮೀಟರ್ ಎತ್ತರ ಇದ್ದರೆ ಕೆಳಗಿನ ನಳದಲ್ಲಿ ಒತ್ತಡ ಸುಮಾರು ಅರ್ಧ ಬಾರ್. ಈ ಸಣ್ಣ ಪಂಪು ಎರಡು, ಎರಡೂವರೆ ಬಾರ್ ತನಕ ತಳ್ಳುತ್ತದೆ. ಮನೆ ಗೋಡೆ ಅಲ್ಲಾಡಲ್ಲ, ಅದಕ್ಕೆ ಅಂಟು ಹಚ್ಚಿ ಜೋಡಿಸಿದ ಗಟ್ಟಿ ಪೈಪು ಅಲ್ಲಿ ಇಪ್ಪತ್ತು ವರ್ಷ ಬಾಳುತ್ತದೆ. ಗಾಡಿ ಕಮಲನಗರದಿಂದ ಭಾಲ್ಕಿಗೆ ಹೋಗಿ ಬರೋದ್ರಲ್ಲಿ ಸಾವಿರ ಸಲ ನಡುಗುತ್ತದೆ. ಬಗ್ಗದ ಪೈಪು ಜಾಯಿಂಟಿನ ಹತ್ತಿರ ಸೀಳುತ್ತದೆ. ಗಾಡಿಗೆ ಬಗ್ಗುವ ಪೈಪು, ಬಿಗಿಯೋಕೆ ಕ್ಲಾಂಪು, ಒಂದೊಂದು ಮೊಳಕ್ಕೆ ಹಿಡಿಕೆ ಬೇಕು.

ಇನ್ನೊಂದು ಜಾಯಿಂಟನ್ನ ನಾವೇ ಕೆಡಿಸಿದೆವು. ಹನಿ ಬೀಳ್ತಿದೆ ಅಂತ ಪಾನಾ ಹಾಕಿ ಬಲವಾಗಿ ತಿರುವಿದ್ದಕ್ಕೆ ಪ್ಲಾಸ್ಟಿಕ್ ಸೀಳಿತು. ಪ್ಲಂಬರ್ ಕಾಕಾ ಟೆಫ್ಲಾನ್ ಟೇಪು ಬಿಚ್ಚಿ ತೋರಿಸಿದರು. ನಾವು ಅದನ್ನ ಉಲ್ಟಾ ಸುತ್ತಿದ್ದೆವು. ಚೂಡಿ ತಿರುಗೋ ದಿಕ್ಕಿಗೇ ಟೇಪು ಸುತ್ತಬೇಕು, ಇಲ್ಲಾಂದ್ರೆ ಬಿಗಿ ಮಾಡುವಾಗ ಅದೇ ಬಿಚ್ಚಿಕೊಳ್ಳುತ್ತದೆ. ಆರು ಸೆಮಿಸ್ಟರಿನ ಫೀಸು ಕಟ್ಟಿದ ಮೇಲೂ ಇದನ್ನ ಯಾರೂ ಹೇಳಿರಲ್ಲ ಅನ್ನೋದು ನಮ್ಮ ಅಂದಾಜು. ನಾಲ್ಕು ಕಟ್ಟಿದ್ದೀವಿ, ಇಲ್ಲಿವರೆಗೂ ಹೇಳಿಲ್ಲ.

ನಿಜವಾಗಿ ಸಿಟ್ಟು ಬಂದದ್ದು ಪೈಪಿನ ಮೇಲಲ್ಲ, ಪ್ಲೈವುಡ್ ಮೇಲೆ. ಚಂದ ಕಾಣಲಿ ಅಂತ ಎಲ್ಲಾ ಪೈಪನ್ನ ಹಲಗೆ ಹಿಂದೆ ಮುಚ್ಚಿ ಮೊಳೆ ಹೊಡೆದಿದ್ದರು. ಕೈ ಹಾಕೋಕೆ ಒಂದು ಗೇಣು ಜಾಗ ಇಲ್ಲ. ಸೋರೋ ಜಾಯಿಂಟು ಹುಡುಕೋಕೆ ಹಾಸಿಗೆ ಒಡೀಬೇಕಾಯಿತು. ಬೀದರದವರಾದ ನಮಗೆ ಇದು ನಾಚಿಕೆ. ಬೀದರದ ನೌಬಾದಿನಲ್ಲಿ ನೆಲದೊಳಗೆ ಬಹಮನಿಗಳ ಕಾಲದ, 15ನೇ ಶತಮಾನದ ಕಾರೇಜ್ ಇದೆ. ಕೆಂಪು ಜಂಬಿಟ್ಟಿಗೆ ಕಲ್ಲನ್ನ ಕೊರೆದು ಮಾಡಿದ ಸುರಂಗ, ಪಂಪಿಲ್ಲ, ಬರೀ ಇಳಿಜಾರಿನ ಮೇಲೆ ನೀರು ಹರಿಯುತ್ತದೆ. ಆ ಸುರಂಗದ ಉದ್ದಕ್ಕೂ ಮೇಲಿನಿಂದ ಇಳಿಬಾವಿಗಳಿವೆ, 20ಕ್ಕೂ ಹೆಚ್ಚು. ಗಾಳಿ ಬರೋಕೆ, ಹೂಳು ತೆಗೆಯೋಕೆ, ಮನುಷ್ಯ ಇಳಿಯೋಕೆ. ಮುಂದೆ ರಿಪೇರಿ ಮಾಡೋನು ಒಬ್ಬ ಬರ್ತಾನೆ ಅಂತ ಅವರು ಕಟ್ಟುವಾಗಲೇ ನೆನಪಿಟ್ಟುಕೊಂಡಿದ್ದರು. ನಮ್ಮ ಹಾಸ್ಟೆಲಿನ ಬಾತ್‌ರೂಮಿನಲ್ಲೂ ಪೈಪು ಟೈಲ್ಸ್ ಹಿಂದೆ ಇದೆ. ಸೋರಿದಾಗ ಗೋಡೆ ಒಡೀತಾರೆ, ಒಡೆದದ್ದು ಆರು ತಿಂಗಳು ಹಂಗೇ ಇರುತ್ತದೆ. ಯಾವ ಹಾಸ್ಟೆಲಿನಲ್ಲಿ ಇಲ್ಲ ಹೇಳಿ?

ಪೈಪೆಲ್ಲ ಬದಲಿಸಿ, ಹಲಗೆಗೆ ಎರಡು ಬಾಗಿಲು ಕೊಯ್ದು, ಮೈಲಾರಕ್ಕೆ ಹೊರಟೆವು. ಆಯಿ, ಕಾಕಾ, ಕಾಕಿ, ಅವರ ಮಗಳು, ನಾವಿಬ್ಬರು. ದಾರಿಯಲ್ಲಿ ಒಂದು ಗುಂಡಿ ಜೋರಾಗಿ ಹಾರಿಸಿದ ಮೇಲೆ ಒಳಗೆ ವಾಸನೆ. ಸಿಂಕಿನ ಕೆಳಗೆ ಪೈಪು ಬಾಗಿರುತ್ತದಲ್ಲ, ಅಲ್ಲಿ ನಿಂತ ಸ್ವಲ್ಪ ನೀರೇ ಗಟಾರದ ಗಾಳಿಯನ್ನ ತಡೆಯೋದು. ಗಾಡಿ ಕುಣಿದಾಗ ಆ ನೀರು ಚೆಲ್ಲಿಹೋಗಿತ್ತು. ಒಂದು ಲೋಟ ನೀರು ಸುರಿದರೆ ಸರಿ. ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿದ್ದಕ್ಕೆ ಸ್ನಾನದ ನೀರು ಹೋಗೋ ಕಡೆ ಹೋಗದೆ ಅಡುಗೆ ಕಟ್ಟೆ ಕಡೆ ಬಂತು. ಕಾಕಿ ಬೈದದ್ದನ್ನ ಇಲ್ಲಿ ಬರೆಯೋಕಾಗಲ್ಲ. ಮರುದಿನದಿಂದ ಗಾಡಿ ನಿಲ್ಲಿಸುವ ಮೊದಲು ಒಂದು ತಾಟಿನಲ್ಲಿ ನೀರು ಹಾಕಿ ನೆಲ ಸಪಾಟಿದೆಯಾ ಅಂತ ನೋಡೋ ಕೆಲಸ ನಮ್ಮದಾಯಿತು. ಇವೆಲ್ಲ ನಗೋ ವಿಷಯ.

ನಗೋಕಾಗದ್ದು ಎರಡನೇ ದಿನ ಬೆಳಿಗ್ಗೆ. ಸಂಡಾಸದ ಕೆಳಗೆ ಒಂದು ಡಬ್ಬಿ ಇದೆ, ಅದಕ್ಕೆ ಕ್ಯಾಸೆಟ್ ಅಂತಾರೆ. ಹದಿನೆಂಟು ಲೀಟರ್ ಹಿಡಿಯುತ್ತದೆ. ಆರು ಜನಕ್ಕೆ ಅದು ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ನಮ್ಮ ಮನೆಯಲ್ಲಿ ಯಾರೂ ಕೂತು ಲೆಕ್ಕ ಹಾಕಿರಲಿಲ್ಲ. ನೀರು ಹೆಂಗೆ ಬರುತ್ತೆ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ಹೋಗೋದು ಎಲ್ಲಿಗೆ ಅಂತ ಒಬ್ಬರೂ ಕೇಳಿರಲಿಲ್ಲ. ಕೆಂಪು ಗುರುತು ಬಂತು. ಒಂದು ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ ಆಗಲ್ಲ ಅಂದರು, ಅವರ ತಪ್ಪೂ ಅಲ್ಲ. ಒಂದು ಊರಿನ ಸಾರ್ವಜನಿಕ ಶೌಚಾಲಯಕ್ಕೆ ಬೀಗ ಇತ್ತು. ಅಲ್ಲಿ ಚಹಾ ಅಂಗಡಿಯಲ್ಲಿ ಕೂತವರೊಬ್ಬರು ಸಹಾಯ ಮಾಡೋ ದನಿಯಲ್ಲೇ ಹೇಳಿದರು: ‘ಯಾಕ ತ್ರಾಸ ತಗೋತೀರಿ, ಅಲ್ಲಿ ಓಣ್ಯಾಗ ಒಬ್ಬ ಅದಾನ, ಇನ್ನೂರು ಕೊಡ್ರಿ, ಒಯ್ದು ಚೆಲ್ಲಿ ತೊಳದು ತರ್ತಾನ.’

ನಾವು ಸುಮ್ಮನೆ ನಿಂತೆವು. ಸತ್ಯ ಹೇಳಬೇಕಂದ್ರೆ, ಒಂದು ಕ್ಷಣ ನಮಗೆ ಹಗುರ ಅನ್ನಿಸಿತು. ಕಾಕಾ ಜೇಬಿಗೆ ಕೈ ಹಾಕಿದರು. ಆಗ ಆಯಿ ಒಳಗಿಂದಲೇ ‘ನಂದು ಅವ ಯಾಕ ಹೊರಬೇಕೋ?’ ಅಂದಳು.

ಕರ್ನಾಟಕದಲ್ಲಿ 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ತಲೆ ಮೇಲೆ ಮಲ ಹೊರುವ ಪದ್ಧತಿ ನಿಷೇಧವಾಯಿತು. ದೇಶಕ್ಕೆ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೂ ಬಿಗಿಯಾದದ್ದು. ಶಾಲೆಯಲ್ಲಿ ಇದನ್ನ ಮುಗಿದುಹೋದ ವಿಷಯ ಅಂತ ಓದಿದ್ದೆವು. ಅದು ಇನ್ನೂರು ರೂಪಾಯಿ ದೂರದಲ್ಲಿ ಇತ್ತು. ನಾವು ಹೋಗ್ತಿದ್ದದ್ದು ಬಸವಕಲ್ಯಾಣಕ್ಕೆ, ಅದನ್ನೂ ಹೇಳಿಬಿಡ್ತೀವಿ.

ಕ್ಯಾಸೆಟನ್ನ ನಾವಿಬ್ಬರೇ ಹಿಡಿದೆವು. ಪರಿಚಯದವರ ಮನೆ ಹದಿನೈದು ಕಿಲೋಮೀಟರ್ ಆಚೆ ಇತ್ತು, ಅಲ್ಲಿಗೆ ಹೋಗಿ ಅವರ ಸಂಡಾಸಿಗೆ ಸುರಿದು, ತೊಳೆದು ತಂದೆವು. ಹದಿನೆಂಟು ಲೀಟರ್ ಅಂದ್ರೆ ಹದಿನೆಂಟು ಕೆಜಿ, ಮೇಲೆ ಡಬ್ಬಿ ತೂಕ. ಇಬ್ಬರೂ ಮಧ್ಯಾಹ್ನ ಊಟ ಮಾಡಲಿಲ್ಲ. ನಮ್ಮ ಮನೆಯದ್ದೇ ಆದರೂ ಅಷ್ಟು ಹೇಸಿಗೆ ಆಯಿತು. ಬೇರೆಯವರದನ್ನ ದಿನಾ ಎತ್ತುವವರು ಮಧ್ಯಾಹ್ನ ಊಟ ಹೆಂಗೆ ಮಾಡ್ತಿದ್ದರು?

ಈಗ ಎಲ್ಲ ಕಡೆ ಕ್ಯಾರವಾನ್ ಟೂರಿಸಂ ಮಾತು. ಕೇರಳ 2021ರಲ್ಲಿ ಅದಕ್ಕಾಗಿಯೇ ಒಂದು ನೀತಿ ತಂದಿತು. ಗಾಡಿಗಳು ಬರಲಿ, ನಮಗೆ ಖುಷಿ. ಆದರೆ ಅಮೆರಿಕದ ಆ ವಿಡಿಯೋಗಳಲ್ಲಿ ಕಾಕಾ ಓಡಿಸಿಬಿಟ್ಟಿದ್ದ ಭಾಗ ಒಂದಿದೆ: ಅಲ್ಲಿ ಕ್ಯಾಂಪ್ ಜಾಗಗಳಲ್ಲಿ ಡಂಪ್ ಸ್ಟೇಷನ್ ಇರುತ್ತದೆ. ನೆಲದಲ್ಲಿ ಒಂದು ಮುಚ್ಚಳದ ತೂತು, ಪಕ್ಕದಲ್ಲಿ ತೊಳೆಯೋಕೆ ಒಂದು ನಳ, ಕೆಳಗೆ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕು. ಗಾಡಿಯವನೇ ಪೈಪು ಹಚ್ಚಿ ಖಾಲಿ ಮಾಡಬೇಕು. ಇದು ರಾಕೆಟ್ ಅಲ್ಲ. ನಮ್ಮ ರೈಲುಗಳಲ್ಲಿ ಎಲ್ಲಾ ಹಳಿ ಮೇಲೇ ಬೀಳ್ತಿತ್ತು, ಡಿಆರ್‌ಡಿಒ ತಂತ್ರಜ್ಞಾನದ ಬಯೋ ಟಾಯ್ಲೆಟ್ ಬೋಗಿಗಳಿಗೆ ಹಾಕಿದ ಮೇಲೆ ನಿಂತಿತು. ಹಳ್ಳಿಗಳ ಎರಡು ಗುಂಡಿಯ ಶೌಚಾಲಯವೂ ಇದೇ ಯೋಚನೆ: ಒಂದು ತುಂಬಿದರೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸು, ಮೊದಲನೇದು ಗೊಬ್ಬರ ಆಗೋ ತನಕ ಯಾರೂ ಮುಟ್ಟಬೇಕಾಗಿಲ್ಲ. ಅಂದ್ರೆ ಮನಸ್ಸಿದ್ದಲ್ಲಿ ನಮ್ಮವರು ಹೋಗೋದರ ಲೆಕ್ಕವನ್ನೂ ಹಾಕಿದ್ದಾರೆ.

ಸಿವಿಲ್‌ನವರಿಗೆ ನಮ್ಮದೊಂದು ಕೋರಿಕೆ. ಮುಂದಿನ ವರ್ಷ ಮಿನಿ ಪ್ರಾಜೆಕ್ಟ್ ಬರುತ್ತದೆ. ಮತ್ತೆ ಅದೇ ಸ್ಮಾರ್ಟ್ ಡಸ್ಟ್‌ಬಿನ್ ಮಾಡಬೇಡಿ, ನಮ್ಮ ಕಾಲೇಜಿನಲ್ಲಿ ಅದು ಈಗಾಗಲೇ ಬೇಕಾದಷ್ಟಿದೆ, ಕಸ ಮಾತ್ರ ಹೊರಗೇ ಬೀಳುತ್ತದೆ. ಒಂದು ತಾಲ್ಲೂಕು ಬಸ್ ಸ್ಟ್ಯಾಂಡಿಗೆ ಡಂಪ್ ಸ್ಟೇಷನ್ನಿನ ಡ್ರಾಯಿಂಗ್ ಮಾಡೋಣ. ಇಳಿಜಾರೆಷ್ಟು, ಸೆಪ್ಟಿಕ್ ಟ್ಯಾಂಕು ಎಷ್ಟು ದೊಡ್ಡದು, ತೊಳೆಯೋ ನೀರು ಎಲ್ಲಿಂದ, ಜಾತ್ರೆ ವಾರದಲ್ಲಿ ಎಷ್ಟು ಗಾಡಿ. ಜೊತೆಗೆ ಮೊಣಕಾಲು ಬಗ್ಗದವರಿಗೆ ಒಂದು ಎತ್ತರದ ಸಂಡಾಸ, ಬೀಗ ಇಲ್ಲದ್ದು. ಗಾಡಿ ಕೊಳ್ಳೋಕಾಗದ ಆಯಿಗಳೇ ಹೆಚ್ಚು, ಅವರು ಬಸ್ಸಿನಲ್ಲೇ ಹೋಗ್ತಾರೆ. ಮೆಕ್ಯಾನಿಕಲ್‌ನವರು ಕ್ಯಾಸೆಟ್ಟಿಗೆ ಗಾಲಿ ಹಚ್ಚಿ ಕೊಡಿ ಸಾಕು.

ವಾಪಸ್ ಬರುವಾಗ ಭಾಲ್ಕಿ ದಾಟಿದ ಮೇಲೆ ಆಯಿ ನೀರು ಕೇಳಿದಳು. ಕುಡಿದು, ಇನ್ನೊಂದು ಲೋಟ ಕೇಳಿದಳು. ದಸರಾ ರಜೆಗೆ ತುಳಜಾಪುರ ಅಂತ ಗೊತ್ತಾಗಿದೆ. ಕ್ಯಾಸೆಟ್ ಖಾಲಿ ಮಾಡೋ ಪಾಳಿ ಕಾಗದದಲ್ಲಿ ಬರೆದು ಗಾಡಿ ಬಾಗಿಲಿಗೆ ಅಂಟಿಸಿದ್ದೀವಿ. ಮೊದಲನೇ ಹೆಸರು ಕಾಕಾದು.